ಪರೀಕ್ಷೆಯ ಕಡುಬು

ಅರಬ್ಬರ ನಾಡಿನ ಸ್ಫಾಕ್ಸ್ ಪಟ್ಟಣದ ನಮ್ಮ ಮನೆಯಲ್ಲಿ ಶುಕ್ರವಾರದ ಪಾತ್ರೆ ಅತ್ತೆಯದು. ಮೊಂಜಿಯಾ ಅತ್ತೆ ರವೆಯ ಸಣ್ಣ ಕಾಳಿನಂಥ ಕೂಸ್‌ಕೂಸ್ ಹಬೆಗಿಟ್ಟರೆ ನಾನು ಈರುಳ್ಳಿ ಹೆಚ್ಚುವವಳು, ಅಷ್ಟೇ. ಜರ್ಮನಿಯ ನನ್ನ ಹಳ್ಳಿಯಲ್ಲಿದ್ದಾಗ ಅಜ್ಜಿಯ ಆಲೂಗಡ್ಡೆ ಕಡುಬೆಂದರೆ ಮೂಗು ಮುರಿಯುತ್ತಿದ್ದೆ. ಸಮುದ್ರ ದಾಟಿ ಸೊಸೆಯಾಗಿ ಬಂದ ಮೇಲೆ ಅದರದೇ ಕನವರಿಕೆ.

ಹೋದ ವಾರ ಅತ್ತೆ ನೆರೆಯವರ ಮುಂದೆ ಅಂದರು: "ಪಾಪ, ನಮ್ಮ ಸೊಸೆ ಉಲ್ರಿಕೆ ಊರಲ್ಲಿ ಎಂಥ ಅಡುಗೆ? ತಣ್ಣಗಿನ ಬ್ರೆಡ್ ಮೇಲೆ ತಣ್ಣಗಿನ ಮಾಂಸ."

ನನಗೆ ರೇಗಿತು. "ಬರೋ ಶುಕ್ರವಾರ ಒಲೆ ನನಗೆ ಬಿಡಿ, ಅತ್ತೆ."

"ಬಿಡೋಣ. ಕೆಟ್ಟೋದ್ರೆ ಮತ್ತೆ ಒಲೆ ಮಾತು ಎತ್ತಬಾರದು."

"ಎತ್ತಲ್ಲ."

ಶುಕ್ರವಾರ ಹಸಿ ಆಲೂಗಡ್ಡೆ ತುರಿದು, ಬಟ್ಟೆಯಲ್ಲಿ ಹಿಂಡಿ, ಆ ನೀರನ್ನು ಬೋಗುಣಿಯಲ್ಲಿ ತಿಳಿಯಾಗಲು ಬಿಟ್ಟೆ. ಒಲೆಯ ಮೇಲಿದ್ದ ಮಾಂಸ ತಿರುವಿಹಾಕಿ ಬರುವಷ್ಟರಲ್ಲಿ ಅತ್ತೆ ಬೋಗುಣಿ ತೊಳೆದು ಬೋರಲು ಹಾಕಿದ್ದರು.

"ಇದರಲ್ಲಿದ್ದ ನೀರು?"

"ಆ ಕೊಳಕು ನೀರಾ? ಚೆಲ್ದೆ. ನಿಮ್ಮೂರಲ್ಲಿ ಅದನ್ನೂ ಕುಡೀತೀರಾ?"

ಮೈಯೆಲ್ಲ ಉರಿಯಿತು. ಆದರೆ ಜಗಳವಾಡಿದರೆ ಚೆಲ್ಲಿದ ನೀರು ಮರಳುವುದಿಲ್ಲ. ಹಿಂಡಿಟ್ಟ ತುರಿಯನ್ನೇ ಬೇಯಿಸಿದ ಆಲೂಗಡ್ಡೆಯೊಂದಿಗೆ ನಾದಿ, ಒಂದೇ ಒಂದು ಕಡುಬನ್ನು ಬಿಸಿನೀರಿಗೆ ಬಿಟ್ಟೆ.

"ಒಂದೇ ಯಾಕೆ?" ಅತ್ತೆ ಬಂದು ನಿಂತರು.

"ಪರೀಕ್ಷೆಗೆ. ನಮ್ಮ ಕಡೆ ಮೊದಲು ಒಂದನ್ನ ಬೇಯಿಸಿ ನೋಡ್ತೀವಿ. ಪಾತ್ರೆ ಯಾರದೋ ಅವರೇ ಅದನ್ನ ತಿನ್ಬೇಕು. ನಮ್ಮಜ್ಜಿ ಇದ್ದಾಗ ತಾತನೂ ಮುಟ್ತಿರಲಿಲ್ಲ."

"ಹಾಗಾದ್ರೆ ಈ ಮನೇಲಿ ಅದು ನನಗೇ."

ನಾನು ಉತ್ತರಿಸುವ ಮೊದಲೇ ಕಡುಬು ಬಾಯಿಬಿಟ್ಟಿತು. ನೋಡನೋಡುತ್ತ ನೀರೆಲ್ಲ ಬೆಳ್ಳಗಾಯಿತು.

"ಗಂಜಿ ಆಯ್ತಲ್ಲೇ," ಎಂದರು ಅತ್ತೆ. ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ. "ಆ ನೀರಲ್ಲಿ ಏನಿತ್ತು?"

"ತಳದಲ್ಲಿ ಬಿಳೀ ಹಿಟ್ಟು ಕೂರುತ್ತೆ. ಕಡುಬನ್ನ ಹಿಡಿದಿಡೋದೇ ಅದು."

ಅತ್ತೆಯ ಮುಖ ಸಣ್ಣದಾಯಿತು. ತಪ್ಪಾಯಿತು ಅನ್ನುವ ಮಾತು ಅವರ ಬಾಯಲ್ಲಿ ಎಂದೂ ಬಂದದ್ದಲ್ಲ. ನನಗೂ ಅದು ಬೇಕಿರಲಿಲ್ಲ. ಆಲೂಗಡ್ಡೆ ನೀರುನೀರಾಗಿ ಬೆಳೆದ ವರ್ಷ ಅಜ್ಜಿ ಏನು ಮಾಡುತ್ತಿದ್ದಳೆಂದು ಆ ಹೊತ್ತಿಗೆ ನೆನಪಾಗಿತ್ತು.

"ರವೆ ಕೊಡಿ, ಅತ್ತೆ. ಸಣ್ಣದು."

ಅವರು ಕಪಾಟಿನ ಒಳಮೂಲೆಯಿಂದ ಡಬ್ಬ ತೆಗೆದರು. ಈದ್ ಹಬ್ಬದ ಸಿಹಿಗೆಂದು ಯಾರಿಗೂ ಮುಟ್ಟಗೊಡದೆ ಇಟ್ಟದ್ದು. ಹಾಲಿನಲ್ಲಿ ರವೆ ಬೇಯಿಸಿ, ಕೈ ಸುಡುವಾಗಲೇ ಉಳಿದ ಹಿಟ್ಟಿಗೆ ಸೇರಿಸಿ ನಾದಿದೆ. ನಡುವೆ ಹುರಿದ ಬ್ರೆಡ್ ಚೂರು ಅಡಗಿಸಿ ಇನ್ನೊಂದು ಕಡುಬು ಬಿಟ್ಟೆ. ಉರಿ ಸಣ್ಣಗೆ ಮಾಡಿದೆ. ಇದಕ್ಕೆ ಕುದಿಯುವ ನೀರು ಆಗದು.

ಕಡುಬು ಮುಳುಗಿತು. ಇಬ್ಬರೂ ಪಾತ್ರೆಯ ಮೇಲೆ ಬಗ್ಗಿದೆವು. ಅದು ಮೇಲೆ ಬಂತು, ದುಂಡಗೆ, ತೇಲುತ್ತಾ ಅಲ್ಲೇ ನಿಂತಿತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅತ್ತೆ ಅದನ್ನು ತಟ್ಟೆಗೆ ತೆಗೆದು, ಮಾಂಸದ ಸಾರು ಹಾಕಿ, ಚಮಚದಲ್ಲಿ ಮುರಿದರು. ಚಮಚ ಬಾಯಿಯವರೆಗೂ ಹೋಗಿ ನಿಂತಿತು. ನನ್ನನ್ನೊಮ್ಮೆ ನೋಡಿದರು. ಆಮೇಲೆ ತಟ್ಟೆಯನ್ನೂ ಚಮಚವನ್ನೂ ನನ್ನ ಕೈಗಿಟ್ಟು, ಚಾಕು ತೆಗೆದುಕೊಂಡು ಮೂಲೆಯ ಮಣೆಯ ಮೇಲೆ ಕೂತರು.

"ತಿನ್ನು. ಆಮೇಲೆ ಹೇಳು, ಈರುಳ್ಳಿ ಎಷ್ಟು ಹೆಚ್ಚಲಿ?"