ರೊಸೀನಾಳನ್ನು ಹೊತ್ತ ಆರು ಜನ

ರೊಸೀನಾ ಕೊನೆಯ ವಾರದಲ್ಲಿ ಗಂಡನನ್ನು ಕೇಳಿಕೊಂಡದ್ದು ಒಂದೇ ಒಂದು. ತನ್ನನ್ನು ಕೈಕಸುಬಿನ ಕಾಗದದವರು ಹೊರಬೇಕು. ಅವಳ ಅಜ್ಜನನ್ನು, ಅಪ್ಪನನ್ನು, ಹೆರಿಗೆಯಲ್ಲಿ ತೀರಿಕೊಂಡ ಅಕ್ಕನನ್ನು ಹೊತ್ತ ಹಾಗೆಯೇ, ತಿರುಳಿನ ತೊಟ್ಟಿಯ ಮುಂದೆ ನಿಂತು ಕೈಯಿಂದ ಹಾಳೆ ಎತ್ತುವ ಆರು ಜನ, ತೊಳೆದ ಬಿಳಿ ಏಪ್ರನ್ ಕಟ್ಟಿಕೊಂಡು ಹೆಗಲು ಕೊಡಬೇಕು. ಎರ್ಡ್‌ಮನ್ ಹೋರ್ನಿಗ್ ಅವಳ ಹಣೆ ಒರೆಸುತ್ತ ಆಗಲಿ ಎಂದಿದ್ದ. ಆ ಹೊತ್ತಿನಲ್ಲಿ ಬೇರೆ ಏನು ಹೇಳಲು ಸಾಧ್ಯವಿತ್ತು? ಗುರುವಾರ ಬೆಳಗ್ಗೆ, ಗಿರಣಿಯ ಗಂಟೆ ಬಾರಿಸುವ ಮೊದಲು, ಅವಳು ಹೋದಳು. ಶನಿವಾರ ಮಣ್ಣು ಮಾಡುವುದೆಂದು ಪಾದ್ರಿಗಳು ಗೊತ್ತು ಮಾಡಿದರು. ನಡುವೆ ಇದ್ದದ್ದು ಶುಕ್ರವಾರ ಮಾತ್ರ.

ಅವಳು ಕೇಳಿದ್ದು ಎಷ್ಟು ದೊಡ್ಡದು ಎಂಬುದು ಚೋಪಾವ್ ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹದಿನಾಲ್ಕು ವರ್ಷಗಳ ಹಿಂದೆ ಎರ್ಡ್‌ಮನ್ ಹೊಳೆಯ ತಿರುವಿನಲ್ಲಿ ಹೊಸ ಗಿರಣಿ ಕಟ್ಟಿ ಅದರಲ್ಲಿ ಯಂತ್ರ ಕೂರಿಸಿದ್ದ. ಒಂದು ತುದಿಯಲ್ಲಿ ಚಿಂದಿಬಟ್ಟೆಯ ತಿರುಳು ಸುರಿದರೆ ಇನ್ನೊಂದು ತುದಿಯಲ್ಲಿ ಕಾಗದ ಕಡಿಯದೆ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ಯಂತ್ರ ಬಂದ ತಿಂಗಳೇ ಕೈಕಸುಬಿನವರು ಸಭೆ ಸೇರಿ ಅವನ ಗಿರಣಿಗೆ ಬಹಿಷ್ಕಾರ ಹಾಕಿದರು. ಕಸುಬಿನವರು ಯಾರೂ ಅಲ್ಲಿಯ ಹೊಸಿಲು ತುಳಿಯಬಾರದು, ಅಲ್ಲಿಯವರ ಜೊತೆ ಉಣ್ಣಬಾರದು, ಚರ್ಚಿಗಾಗಲಿ ಸ್ಮಶಾನಕ್ಕಾಗಲಿ ಅವರ ಜೊತೆ ಒಂದೇ ದಾರಿಯಲ್ಲಿ ನಡೆಯಬಾರದು. ಮುರಿದವರಿಗೂ ಅದೇ ಗತಿ. ಆಗ ಕಣಿವೆಯಲ್ಲಿ ಕೈಗಿರಣಿಗಳು ಏಳಿದ್ದವು. ಈಗ ಮೂರಿವೆ. ಮುಚ್ಚಿಹೋದ ಗಿರಣಿಗಳ ಕೆಲವರು ತಲೆ ತಗ್ಗಿಸಿಕೊಂಡು ಎರ್ಡ್‌ಮನ್ ಬಳಿಯೇ ಕೆಲಸಕ್ಕೆ ಬಂದರು. ಅವರ ಹೆಸರುಗಳನ್ನೂ ಕಸುಬಿನ ಪುಸ್ತಕದಿಂದ ಹೊಡೆದುಹಾಕಲಾಯಿತು.

ರೊಸೀನಾಳನ್ನು ಮಾತ್ರ ಯಾರೂ ಹೊರಗಿಡಲಿಲ್ಲ. ಅವಳು ಆ ಮೂರರಲ್ಲೊಂದಾದ ಮೇಲಣ ಗಿರಣಿಯ ಯಜಮಾನನ ಮಗಳು. ಪ್ರತಿ ಶರತ್ಕಾಲದಲ್ಲಿ ಕಸುಬಿನವರ ಹಬ್ಬಕ್ಕೆ ಅವಳೊಬ್ಬಳೇ ಒಂದು ಗಂಟೆ ನಡೆದು ಅಲ್ಲಿಗೆ ಹೋಗುತ್ತಿದ್ದಳು; ಸಂಜೆ ಕರವಸ್ತ್ರದಲ್ಲಿ ಒಂದು ತುಂಡು ಕೇಕು ಕಟ್ಟಿಕೊಂಡು ಬರುತ್ತಿದ್ದಳು. ಎರ್ಡ್‌ಮನ್ ಅದನ್ನು ಮಾತಿಲ್ಲದೆ ತಿನ್ನುತ್ತಿದ್ದ. ಅಲ್ಲಿ ಯಾರು ಯಾರು ಬಂದಿದ್ದರು, ಯಾರಾದರೂ ತನ್ನನ್ನು ವಿಚಾರಿಸಿದರೇ ಎಂದು ಒಮ್ಮೆಯೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಆ ಒಂದು ಗಂಟೆಯ ದಾರಿಯನ್ನು ಅವನು ನಡೆದ. ಗಾಡಿ ಕಟ್ಟಿಸಲು ಮನಸ್ಸಾಗಲಿಲ್ಲ.

ಮೇಲಣ ಗಿರಣಿಯ ಒಳಗೆ ಅದೇ ಹಬೆ, ಅದೇ ಒದ್ದೆ ಉಣ್ಣೆಯ ವಾಸನೆ. ಮೂರು ಜನ ತೊಟ್ಟಿಯ ಸುತ್ತ ಕೆಲಸದಲ್ಲಿದ್ದರು. ಒಬ್ಬ ಜರಡಿ ಮುಳುಗಿಸಿ ತಿರುಳು ಎತ್ತುತ್ತಿದ್ದ. ಎರಡನೆಯವನು ಅದನ್ನು ತೆಗೆದುಕೊಂಡು ಒದ್ದೆ ಹಾಳೆಯನ್ನು ಕಂಬಳಿಯ ಮೇಲೆ ಮಗುಚುತ್ತಿದ್ದ. ಮೂರನೆಯವನು ಒತ್ತಿದ ಹಾಳೆಗಳನ್ನು ಬಿಡಿಸುತ್ತಿದ್ದ. ಹಾಳೆ ಮಗುಚುತ್ತಿದ್ದ ಮುದುಕ ಟ್ರಾವ್‌ಗೊಟ್. ಮದುವೆಗೆ ಮುಂಚೆ, ಮದುವೆಯ ನಂತರ, ಒಟ್ಟು ಹನ್ನೊಂದು ವರ್ಷ ಇದೇ ತೊಟ್ಟಿಯಿಂದ ಎರ್ಡ್‌ಮನ್ ಎತ್ತಿಕೊಟ್ಟ ಜರಡಿಯನ್ನು ಈಸಿಕೊಂಡವನು ಅವನೇ. ಅವರಿಬ್ಬರಿಗೆ ದಿನಕ್ಕೆ ಹತ್ತು ಮಾತು ಕೂಡ ಬೇಕಾಗುತ್ತಿರಲಿಲ್ಲ. ಈಗ ಕಸುಬಿನವರಲ್ಲಿ ಅವನೇ ಹಿರಿಯ.

ಎರ್ಡ್‌ಮನ್ ಬಾಗಿಲಲ್ಲೇ ಟೋಪಿ ತೆಗೆದು, ಕಸುಬಿನವರು ಕಸುಬಿನವರಿಗೆ ಹೇಳುವ ವಂದನೆ ಹೇಳಿದ. ಅದಕ್ಕೊಂದು ಉತ್ತರವಿದೆ, ಯಾರೂ ಕೊಡಲಿಲ್ಲ.

"ಯಂತ್ರಕ್ಕೆ ಜ್ವರ ಬಂತೇನೋ," ಅಂದ ಹಾಳೆ ಬಿಡಿಸುತ್ತಿದ್ದವನು, ತಲೆ ಎತ್ತದೆ. "ಯಜಮಾನ್ರು ಹಗಲೊತ್ತಲ್ಲೇ ಈ ಕಡೆ ಬಂದವ್ರೆ."

ತಲೆ ಎತ್ತಿ ಎರ್ಡ್‌ಮನ್‌ನ ತೋಳಿನ ಮೇಲೆ ಶೋಕದ ಕಪ್ಪು ಪಟ್ಟಿ ಕಂಡ ಮೇಲೆ ಅವನು ಮತ್ತೆ ಹಾಳೆಗಳಿಗೆ ಬಗ್ಗಿದ.

ಹಾಳೆಯ ಮೇಲೆ ಕಂಬಳಿ ಪೇರಿಸುವ ಅಡಕಲು ಮುಗಿಯುವ ತನಕ ಕೆಲಸ ನಿಲ್ಲಿಸುವ ಪದ್ಧತಿಯಿಲ್ಲ. ಎರ್ಡ್‌ಮನ್ ಕಾದ. ಕುಳಿತುಕೋ ಎಂದು ಯಾರೂ ಹೇಳಲಿಲ್ಲ, ಅವನಾಗಿ ಕೂರಲೂ ಇಲ್ಲ. ತೊಟ್ಟಿಯವನು ಜರಡಿಯನ್ನು ಕುಲುಕುವಾಗ ತನ್ನ ಮಣಿಕಟ್ಟುಗಳೂ ಅಷ್ಟಷ್ಟೇ ಅಲುಗುತ್ತಿರುವುದು ಗೊತ್ತಾಗಿ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಕೊನೆಗೆ ಟ್ರಾವ್‌ಗೊಟ್ ಕೈ ಒರೆಸಿಕೊಂಡು ಬಂದು ಎರಡು ಮಾರು ದೂರದಲ್ಲಿ ನಿಂತ.

"ಅವಳನ್ನ ನಾವೇ ಹೊರ್ತೀವಿ," ಅಂದ. "ನೀನು ಬಂದು ಕೇಳೋ ವಿಷಯವೇ ಅಲ್ಲ ಅದು. ನಮ್ಮ ಮನೆ ಮಗಳು ಅವಳು. ಸುದ್ದಿ ಬಂದಾಗ್ಲೇ ಮಾತಾಡ್ಕೊಂಡ್ವಿ."

ಎರ್ಡ್‌ಮನ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಈಗ ಬೇಕಾಗಿರಲಿಲ್ಲ.

"ನಿನ್ನ ಗಿರಣಿ ಮುಂದಿನ ಸೇತುವೆ ತನಕ ನಿನ್ನೋರು ತಂದುಕೊಡ್ಲಿ. ಆಮೇಲೆ ನಾವು. ನಿನ್ನ ಗಿರಣಿಯೋರು ಯಾರೂ ಜೊತೇಲಿ ನಡೆಯಂಗಿಲ್ಲ."

ತನ್ನ ಆಳುಗಳು ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದ ಎರ್ಡ್‌ಮನ್.

ಟ್ರಾವ್‌ಗೊಟ್ ಅವನನ್ನೇ ನೋಡಿದ. "ಯಾರೂ ಅಂದ್ರೆ ಯಾರೂ, ಎರ್ಡ್‌ಮನ್."

ಆ ಮಾತು ತನ್ನನ್ನೂ ಸೇರಿಸಿ ಹೇಳಿದ್ದೆಂದು ಅವನಿಗೆ ಆಗ ಅರ್ಥವಾಯಿತು. ಆಮೇಲೆ ಎರ್ಡ್‌ಮನ್ ಚೌಕಾಸಿಗೆ ಇಳಿದವನ ಹಾಗೆ ಒಂದೊಂದೇ ಹೇಳಿದ. ನೂರು ಹೆಜ್ಜೆ ಹಿಂದೆ ಬರುತ್ತೇನೆ. ಹೊಲದೊಳಗಿನಿಂದ ಬರುತ್ತೇನೆ. ಸ್ಮಶಾನದ ಗೇಟಿನ ಹೊರಗೇ ನಿಲ್ಲುತ್ತೇನೆ. ಮುದುಕ ಎಲ್ಲಕ್ಕೂ ಆಗದೆಂದು ತಲೆಯಾಡಿಸಿದ.

"ನನ್ನ ಹೆಂಡ್ತಿ ಕಣೋ ಅವಳು."

"ಗೊತ್ತು." ಟ್ರಾವ್‌ಗೊಟ್‌ನ ದನಿ ಏರಲಿಲ್ಲ. "ನಾನು ಹೂಂ ಅಂದ್ರೆ ನಾಳಿದ್ದು ಹೆಗಲು ಕೊಟ್ಟ ಆರು ಜನಕ್ಕೆ ಯಾವ ಗಿರಣೀಲೂ ಜಾಗ ಇರಲ್ಲ. ಇರೋದೇ ಮೂರು. ಯಾಕೆ ಮೂರು ಅಂತ ನಾನು ನಿನಗೆ ಹೇಳ್ಬೇಕಾ? ಬೇಡ ಅನ್ಸಿದ್ರೆ ನಿನ್ನೋರ ಕೈಲೇ ಹೊರಿಸು. ಪಕ್ಕದಲ್ಲೇ ನಡಿ. ಯಾರೂ ಏನೂ ಅನ್ನಲ್ಲ."

ವಾಪಸು ಬರುವಾಗ ಆ ಕೊನೆಯ ಮಾತೇ ಅವನ ಜೊತೆಗೆ ಬಂತು. ಹಾಗೆ ಮಾಡಬಹುದಿತ್ತು. ಪಾದ್ರಿಗಳೂ ಅದನ್ನೇ ಹೇಳಿದರು. ಹೋದವರಿಗೆ ಹೆಗಲು ಯಾರದು ಎಂಬುದರ ಚಿಂತೆಯಿಲ್ಲ, ಗಂಡನಾದವನು ಸಮಾಧಿಯ ಬಳಿ ಇರಬೇಕು, ಮೊದಲ ಹಿಡಿ ಮಣ್ಣು ಅವನದು ಎಂದರು. ರೊಸೀನಾ ಕೇಳಿದ್ದು ಅವನೊಬ್ಬನ ಕಿವಿಗೆ ಮಾತ್ರ ಬಿದ್ದಿತ್ತು. ಮಾತು ತಪ್ಪಿದರೆ ತಿಳಿಯುವುದೂ ಅವನೊಬ್ಬನಿಗೆ. ಅವನನ್ನು ಹೆದರಿಸಿದ್ದು ಬಹುಶಃ ಅದೇ. ಹದಿನಾಲ್ಕು ವರ್ಷ ಅವಳು ಎರಡು ಕಡೆಗೂ ಸೇರಿದವಳಾಗಿ ಬದುಕಿದ್ದಳು, ಒಂದು ದಿನವೂ ಅವನ ಮುಂದೆ ಅದರ ಭಾರ ಇಳಿಸಿರಲಿಲ್ಲ. ಸಂಜೆಯಾಗುವ ಮೊದಲು, ಚಿಂದಿ ಆರಿಸುವ ಹೆಂಗಸರ ಮೇಲ್ವಿಚಾರಕಿಯಾದ ಯೂಸ್ಟಿನಾಳನ್ನು ಕರೆಸಿ, ನಾಳೆ ಒಂಬತ್ತಕ್ಕೆ ಸೇತುವೆಗೆ ಬರಲಿ ಎಂದು ಮೇಲಣ ಗಿರಣಿಗೆ ಹೇಳಿಕಳಿಸಿದ. ಹೋಗುವವಳನ್ನು ಬಾಗಿಲಲ್ಲಿ ಮತ್ತೆ ನಿಲ್ಲಿಸಿದ. "ನಾನು ಬರಲ್ಲ ಅಂತಾನೂ ಹೇಳು," ಎಂದ.

ಶನಿವಾರ ಯಂತ್ರ ನಿಲ್ಲಿಸಿದ್ದರು. ಯಂತ್ರದ ನಾಲ್ವರು ಆಳುಗಳು ಪೆಟ್ಟಿಗೆಯನ್ನು ತಂದು ಸೇತುವೆಯ ನಡುವೆ ಬೆಂಚಿನ ಮೇಲಿಟ್ಟು ಹಿಂದೆ ಸರಿದರು. ಆ ಕಡೆಯಿಂದ ಆರು ಜನ ಬಂದರು. ಏಪ್ರನ್‌ಗಳು ಎಷ್ಟು ಬೆಳ್ಳಗಿದ್ದವೆಂದರೆ ಆ ಮನೆಗಳ ಹೆಂಗಸರು ರಾತ್ರಿಯೆಲ್ಲ ಮಲಗಿರಲಾರರು. ಎರ್ಡ್‌ಮನ್‌ನ ಅಂಗೈ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು. ಆರೂ ಜನ ತಮ್ಮ ತಮ್ಮ ಜಾಗದಲ್ಲಿ ನಿಂತು ಕಾದರು. ಅವಸರ ಮಾಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಅವನು ಕೈ ತೆಗೆದ. ಅವರು ಒಂದೇ ಉಸಿರಿಗೆ ಎತ್ತಿದರು.

ಸೇತುವೆಯಿಂದ ದಾರಿಯ ತಿರುವಿನವರೆಗಷ್ಟೇ ಕಾಣುತ್ತಿತ್ತು. ಅವರು ತಿರುವು ದಾಟಿದ ಮೇಲೆ ಎರ್ಡ್‌ಮನ್ ಗಿರಣಿಯೊಳಕ್ಕೆ ಹೋಗಿ, ಮೂರು ಮಹಡಿ ಹತ್ತಿ, ಚಿಂದಿ ಆರಿಸುವ ಅಟ್ಟಕ್ಕೆ ಬಂದ. ಸ್ಮಶಾನದ ದಿಬ್ಬ ಕಾಣುವ ಕಿಟಕಿ ಅಲ್ಲಿ ಮಾತ್ರ ಇತ್ತು. ಕೆಲಸ ಇಲ್ಲದಿದ್ದರೂ ಯೂಸ್ಟಿನಾ ಮತ್ತೆ ನಾಲ್ಕೈದು ಹೆಂಗಸರು ಅದೇ ಕಿಟಕಿಗೆ ಬಂದು ನಿಂತಿದ್ದರು. ಅವನನ್ನು ಕಂಡು ಗಾಬರಿಯಾಗಿ ಹೊರಡಲು ನೋಡಿದರು. ಅವನು ಬೇಡವೆಂದು ಕೈ ಮಾಡಿದ. ಯೂಸ್ಟಿನಾ ಒಂದು ಬುಟ್ಟಿಯನ್ನು ಬೋರಲು ಹಾಕಿ, ಧೂಳು ಕೊಡವಿ, "ಕೂತ್ಕೊಳ್ಳಿ ಯಜಮಾನ್ರೇ," ಅಂದಳು.

ಕುಳಿತ. ಆದರೆ ಅವನ ಕಣ್ಣಿಗೆ ದೂರದ್ದು ಈಗ ನಿಲುಕುತ್ತಿರಲಿಲ್ಲ. ದಿಬ್ಬದ ಮೇಲೆ ಬೆಳ್ಳಗೆ ಏನೋ ಅಲುಗಾಡಿದಂತೆ ಕಂಡಿತು, ಅಷ್ಟೇ.

"ಎಲ್ಲಿದಾರೆ?" ಎಂದು ಕೇಳಿದ.

"ಏರು ಹತ್ತುತಾ ಇದಾರೆ. ಈಗ ನಿಂತ್ರು. ಹೆಗಲು ಬದಲಾಯಿಸ್ತಿದಾರೆ."

"ಅಲುಗಾಡಿಸ್ತಿದಾರಾ?"

"ಇಲ್ಲ. ತುಂಬಿದ ಕೊಡ ಹಿಡ್ಕೊಂಡಂಗೆ ಹೋಗ್ತಿದಾರೆ."

ಸ್ವಲ್ಪ ಹೊತ್ತಿನ ಮೇಲೆ ಅವಳು, ಗೇಟು ದಾಟಿದರು, ಇಳಿಸಿದರು, ಪಾದ್ರಿಗಳು ಪುಸ್ತಕ ತೆರೆದರು ಎಂದು ಒಂದೊಂದಾಗಿ ಹೇಳಿದಳು. ಹಾಡುತ್ತಿರಬೇಕು, ಕೇಳಿಸುತ್ತಿಲ್ಲ ಎಂದಳು.

"ಮೊದಲ ಮಣ್ಣು ಯಾರು ಹಾಕಿದ್ರು?" ಎರ್ಡ್‌ಮನ್ ಕೇಳಿದ.

"ಯಾರೂ ಹಾಕಿಲ್ಲ ಇನ್ನೂ. ಸುಮ್ನೆ ನಿಂತವ್ರೆ."

"ಯಾಕೆ?"

"ಗೊತ್ತಿಲ್ಲ." ಯೂಸ್ಟಿನಾ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಟ್ರಾವ್‌ಗೊಟ್ ಈ ಕಡೆ ತಿರುಗಿ ನಿಂತವ್ನೆ. ನಮ್ಮ ಗಿರಣಿ ಕಡೆ."

ಅವಳು ನಿಜ ಹೇಳುತ್ತಿದ್ದಾಳೋ, ತನಗೆ ಸಮಾಧಾನವಾಗಲೆಂದು ಹೇಳುತ್ತಿದ್ದಾಳೋ ಎರ್ಡ್‌ಮನ್‌ಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಬುಟ್ಟಿಯಿಂದ ಎದ್ದು, ಕಿಟಕಿಯ ಚೌಕಟ್ಟು ಹಿಡಿದು, ಮಸುಕಾದ ಆ ದಿಬ್ಬದ ಕಡೆಗೆ ಮುಖ ಮಾಡಿ ನಿಂತ.

"ಈಗ ಹಾಕಿದ್ರು," ಅಂದಳು ಯೂಸ್ಟಿನಾ.