ಲಕ್ಕಪ್ಪ ಕಲಿತ ಗಾಳಿಯ ಲೆಕ್ಕ

ಬೇಸಿಗೆಯ ಕೊನೆಗೆ ಗಾಳಿ ಎದ್ದಿತೆಂದರೆ ಮೂಡಲಗಿ ಸೀಮೆಯ ಜನ ಮೊದಲು ನೋಡುವುದು ತಮ್ಮ ಮಾಡಿನ ತಗಡು, ಅಂದರೆ ಪತ್ರಾ. ಒಂದು ಮೂಲೆ ಬಿಚ್ಚಿಕೊಂಡಿದ್ದರೆ ಅದರ ಮೇಲೊಂದು ಕಲ್ಲು ಹೇರುತ್ತಾರೆ. ಮರುವರ್ಷ ಇನ್ನೊಂದು ಕಲ್ಲು. ಕಳೆದ ವರ್ಷ ತುಕ್ಕಾನಟ್ಟಿಯಲ್ಲಿ ಒಂದು ದನದ ಶೆಡ್ಡಿನ ಪತ್ರಾ ಕಲ್ಲುಗಳ ಸಮೇತ ಎದ್ದು ಹೋಯಿತು. ಪತ್ರಾ ಕಬ್ಬಿನ ಗದ್ದೆಗೆ ಬಿತ್ತು. ಕಲ್ಲು ಬಿದ್ದದ್ದು ಎಮ್ಮೆಯ ಸೊಂಟದ ಮೇಲೆ.

"ಅದು ನನ್ನ ಕೆಲಸ ಅಲ್ರಿ," ಎಂದು ಲಕ್ಕಪ್ಪ ಸಿಕ್ಕವರಿಗೆಲ್ಲ ಹೇಳಿದ್ದ. "ನಾ ಹಾಕಿದ ಬೆಸುಗಿ ಆನಿ ಜಗ್ಗಿದ್ರೂ ಬಿಡೂದಿಲ್ಲ."

ಹಾಗೆ ಹೇಳುವ ಹಕ್ಕು ಅವನಿಗಿತ್ತು. ಮೂಡಲಗಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ವೆಲ್ಡಿಂಗ್ ಅಂಗಡಿ. ಓದಿದ್ದು ಏಳನೇ ಇಯತ್ತೆ. ಆದರೂ ಅವನ ಕೈ ಹತ್ತದ ಗೇಟು, ಶೆಡ್ಡು ಸುತ್ತಲಿನ ಹಳ್ಳಿಗಳಲ್ಲಿ ಕಡಿಮೆ. ಅದಕ್ಕೇ ತುಕ್ಕಾನಟ್ಟಿಯ ಮಹಿಳಾ ಸಂಘದವರು ಖಡಕ್ ರೊಟ್ಟಿ ಮಾಡಲು ಒಂದು ಶೆಡ್ಡು ಬೇಕೆಂದಾಗ ನೇರ ಅವನ ಬಳಿಗೇ ಬಂದರು. ಉದ್ದ ಮೂವತ್ತು ಫೂಟು, ಅಗಲ ಇಪ್ಪತ್ತು. ಹೊಗೆ ಹೋಗಲೆಂದು ಒಂದು ಕಡೆ ಪೂರ್ತಿ ಬಯಲು. ಲಕ್ಕಪ್ಪ ಎಂಟು ಕಂಬಕ್ಕೆ ಎಂಟು ಗುಂಡಿ ತೋಡಿಸಿದ. ಒಂದೊಂದೂ ಒಂದು ಫೂಟು ಆಳ.

ಅಷ್ಟರಲ್ಲಿ ಸಂಘದ ಹಿರಿಯಳು ಸಾವಿತ್ರವ್ವ ಒಂದು ಮಾತು ತಂದಳು.

"ಲಕ್ಕಪ್ಪಣ್ಣಾ, ನನ್ನ ತಂಗಿ ಮಗಳು ದಾಕ್ಷಾಯಿಣಿ ಇಂಜಿನಿಯರಿಂಗ್ ಕಾಲೇಜಿನಾಗ ಕಲಸ್ತಾಳ. ಕಬ್ಬಿಣದ ಕಟ್ಟಡ ಹೆಂಗ ಲೆಕ್ಕ ಹಾಕಿ ಕಟ್ಟೂದು ಅನ್ನೋದು ಅಕಿ ಪಾಠ. ಹುಡುಗ್ರನ್ನ ಕರ್ಕೊಂಡು ನಿನ್ನ ಕೆಲಸ ನೋಡಾಕ ಬರ್ತಾಳಂತ."

"ನೋಡಾಕ ಅಲ್ಲ, ತಪ್ಪು ಹುಡುಕಾಕ ಬರ್ತಾರ," ಎಂದು ಲಕ್ಕಪ್ಪ ಮುಖ ಗಂಟಿಕ್ಕಿದ. ಆದರೂ ಬೇಡ ಎನ್ನಲಿಲ್ಲ. ಅವರು ಬರುವ ದಿನ ಒಗೆದ ಅಂಗಿ ಹಾಕಿಕೊಂಡೇ ಬಂದ.

ಟೆಂಪೋದಿಂದ ಇಪ್ಪತ್ತು ವಿದ್ಯಾರ್ಥಿಗಳು ಇಳಿದರು. ದಾಕ್ಷಾಯಿಣಿ ಮೊದಲು ಲಕ್ಕಪ್ಪನಿಗೆ ಕೈ ಮುಗಿದಳು.

"ಕಾಕಾ, ಇವರಿಗೆ ಪುಸ್ತಕದಾಗಿನ ಕೋಷ್ಟಕ ಎಲ್ಲಾ ಬಾಯಿಪಾಠ ಬರ್ತೈತಿ. ಕಬ್ಬಿಣ ಮುಟ್ಟಿ ನೋಡಿದವರು ಒಬ್ಬರೂ ಇಲ್ಲ. ಇವತ್ತು ಮೊದಲ ಪಾಠ ನಿಮ್ಮದು."

ಲಕ್ಕಪ್ಪ ಅಂಗಿಯ ತೋಳು ಮೇಲೆ ಮಡಚಿಕೊಂಡ. ಆಮೇಲೆ ಎರಡು ಜೋಡಿ ಪೈಪಿನ ತುಂಡು ತಂದು ಒಂದು ಜೋಡಿಯನ್ನು ಬೇಕೆಂದೇ ಕೆಟ್ಟದಾಗಿ ಬೆಸೆದ, ಇನ್ನೊಂದನ್ನು ಚೆನ್ನಾಗಿ. "ಎರಡೂ ಮ್ಯಾಲಿಂದ ಒಂದ ನಮೂನಿ ಕಾಣ್ತಾವು. ಸುತಗಿ ಏಟು ಹಾಕ್ರಿ, ಗೊತ್ತಾಗ್ತೈತಿ," ಎಂದ. ಭಕ್ತಿ ಎಂಬ ಸಣಕಲು ಹುಡುಗಿ ಸುತ್ತಿಗೆ ಎತ್ತಿ ಹೊಡೆದಳು. ಕೆಟ್ಟ ಬೆಸುಗೆ ಒಂದೇ ಏಟಿಗೆ ಬಿರಿಯಿತು. ಹುಡುಗರು ಓ ಎಂದು ಕೂಗಿದರು. ಲಕ್ಕಪ್ಪ ಮೀಸೆಯಲ್ಲೇ ನಕ್ಕ.

ಈಗ ದಾಕ್ಷಾಯಿಣಿಯ ಸರದಿ. "ಈ ಶೆಡ್ಡು ಏನೇನು ಭಾರ ತಡೀಬೇಕು, ಹೇಳ್ರಿ."

"ಪತ್ರಾದ ತೂಕ, ಪೈಪಿನ ತೂಕ, ಮ್ಯಾಲೆ ಹತ್ತಿದವರ ತೂಕ," ಎಂದರು ಹುಡುಗರು.

"ಗಾಳಿ," ಎಂದಳು ಭಕ್ತಿ.

"ಗಾಳಿ ಯಾವ ಕಡೆ ದೂಡ್ತೈತಿ?"

"ಬಾಜೂಕ, ಮೇಡಮ್."

"ಬಾಜೂಕ ಅಷ್ಟೇನಾ?"

ಚಹಾ ಹಂಚುತ್ತಿದ್ದ ಸಾವಿತ್ರವ್ವ ಅಲ್ಲಿಂದಲೇ ಹೇಳಿದಳು: "ಮ್ಯಾಲಕ ಎತ್ತತೈತ್ಯವ್ವ. ಗ್ವಾಂಜಾಳದ ಕಾಳು ಒಣಹಾಕಿದಾಗ ತಾಡಪತ್ರಿ ಒಳಗ ಗಾಳಿ ಹೊಕ್ಕಿತ್ತು. ನಾನೂ ನೆಗೆಣ್ಣಿನೂ ಇಬ್ಬರೂ ಹಿಡದ್ರೂ ನಿಲ್ಲಲಿಲ್ಲ. ಅಂಗೈ ತೊಗಲು ಕಿತ್ತು ಹೋತು."

"ನೋಡ್ರಿ, ನಮ್ಮ ದೊಡ್ಡವ್ವ ಪಾಸಾದ್ಲು!" ಎಂದು ದಾಕ್ಷಾಯಿಣಿ ನಕ್ಕಳು. "ಗಾಳಿ ಪತ್ರಾದ ಮ್ಯಾಲೆ ಹಾಯುವಾಗ ಮ್ಯಾಲಕ ಸೆಳೀತೈತಿ. ತೆರೆದ ಕಡೆಯಿಂದ ಒಳಗ ಹೊಕ್ಕಿದ್ದು ಕೆಳಗಿಂದ ದೂಡ್ತೈತಿ. ಎರಡೂ ಕೂಡಿದ್ರ ಎಷ್ಟಾಗ್ತೈತಿ? ಲೆಕ್ಕ ಹಾಕ್ರಿ."

ಹುಡುಗರು ಅಲ್ಲಿ ತಂದಿಟ್ಟಿದ್ದ ಪತ್ರಾದ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದರು. ಪತ್ರಾ, ಪೈಪು ಎಲ್ಲ ಸೇರಿ ಒಂಬತ್ತು ಕ್ವಿಂಟಲ್. ಜೋರು ಗಾಳಿ ಅದನ್ನು ಎತ್ತುವ ಬಲ ನಲವತ್ತು ಕ್ವಿಂಟಲ್.

ಲಕ್ಕಪ್ಪ ದಾಕ್ಷಾಯಿಣಿಯ ಕಡೆ ತಿರುಗಿ ಗೊಳ್ಳೆಂದು ನಕ್ಕ. "ಗಾಳಿ ನಲವತ್ತು ಕ್ವಿಂಟಲ್ ಎತ್ತತೈತೇನ್ರಿ ಬಾಯಾರ? ಅದೇನು ಟ್ರ್ಯಾಕ್ಟರ್ ಐತೇನು? ನಾ ಕಟ್ಟಿದ್ದು ಒಂದೂ ಇವತ್ತಿನವರೆಗೂ ಬಿದ್ದಿಲ್ಲ."

"ನಿಮ್ಮ ಬೆಸುಗಿ ಬಿಡೂದಿಲ್ಲ ಕಾಕಾ, ಈಗ ನಾನೂ ನೋಡಿದೆ. ಬಿಡೂದು ನೆಲ. ಶೆಡ್ಡಿನ ತೂಕ ಕಳದ್ರೂ ಒಂದೊಂದು ಕಂಬಕ್ಕ ನಾಕು ಕ್ವಿಂಟಲ್ ಜಗ್ಗು ಬರ್ತೈತಿ. ಒಂದು ಫೂಟಿನ ಗುಂಡ್ಯಾಗ ತುಂಬಿದ ಕಾಂಕ್ರೀಟು ಮುಕ್ಕಾಲು ಕ್ವಿಂಟಲೂ ತೂಗೂದಿಲ್ಲ. ಕಂಬ ಬೇರುಸಮೇತ ಕಿತ್ತು ಬರ್ತೈತಿ."

ಲಕ್ಕಪ್ಪನ ನಗೆ ನಿಂತಿತು. ತನ್ನ ಗುಂಡಿಗಳನ್ನೊಮ್ಮೆ ನೋಡಿದ. ಆಮೇಲೆ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ.

"ಬಾಯಾರ, ಒಂದು ಕೇಳ್ಲಿ? ಸಣ್ಣ ಶೆಡ್ಡು, ನಾಕು ಕಂಬ. ಮೂರು ಕಡೆ ಬಯಲು. ಹೈವೇ ಬಾಜೂಕ, ಗಾಳಿಗೆ ಅಡ್ಡ ಏನೂ ಇಲ್ಲ. ಗುಂಡಿ ಇಷ್ಟ ಆಳ. ಅದು ನಿಲ್ತೈತೇನ್ರಿ?"

"ಯಾರದು ಕಾಕಾ?"

"ಹತ್ತರಗ್ಯಾಗ ನನ್ನ ಮಗಳ ಮನಿ ಮುಂದಿಂದು. ನಾನ ಕಟ್ಟಿಕೊಟ್ಟೇನಿ. ದಿನಾ ಅದರ ಕೆಳಗ ಎಂಟು ಹುಡುಗ್ಯಾರು ಹೊಲಿಗಿ ಕಲಿಯಾಕ ಕುಂದರ್ತಾರ."

ದಾಕ್ಷಾಯಿಣಿ ಅವನನ್ನು ಬಯ್ಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ವಿದ್ಯಾರ್ಥಿಗಳ ಕಡೆ ತಿರುಗಿ, "ಹಾಳಿ ತಗೀರಿ. ಕಾಕಾನ ಪ್ರಶ್ನೆಗೆ ಇವತ್ತ ಉತ್ತರ ಬೇಕು," ಎಂದಳು. ಅರ್ಧ ತಾಸು ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಭಕ್ತಿ ಎದ್ದು ಮೆಲ್ಲಗೆ, "ನಿಲ್ಲೂದಿಲ್ಲ ಅಜ್ಜಾರ. ಆದ್ರ ನಿಲ್ಲಿಸಬಹುದು," ಎಂದಳು.

ಸಂಜೆ ಮನೆಗೆ ಬಂದ ಲಕ್ಕಪ್ಪ ಊಟಕ್ಕೆ ಕೂರಲಿಲ್ಲ. ಹೆಂಡತಿ ಕಾಶೆವ್ವನಿಗೆ ಎಲ್ಲ ಹೇಳಿದ. "ಬೀಗರ ಮುಂದ ನಿಂತು ನನ್ನ ಕೆಲಸ ತಪ್ಪೈತಿ ಅಂತ ಹೆಂಗ ಹೇಳ್ಲಿ?"

ಕಾಶೆವ್ವ ತಾಟು ಮುಂದಿಟ್ಟಳು. "ಏನೂ ಹೇಳಬ್ಯಾಡ್ರಿ. ಗುದ್ದಲಿ ತಗೊಂಡು ಹೋಗಿ ಅಗಿಯಾಕ ಹತ್ರಿ. ಅವರ ಕೇಳ್ತಾರ. ಆಗ ಹೇಳೀರಂತ."

ಭಾನುವಾರ ಲಕ್ಕಪ್ಪ ಹತ್ತರಗಿಗೆ ಹೋದ. ದಾಕ್ಷಾಯಿಣಿಯೂ ಭಕ್ತಿಯೂ ಮತ್ತೆ ಮೂವರು ಹುಡುಗರೂ ಬಂದಿದ್ದರು. ಮಗಳು ವಿಜಯಲಕ್ಷ್ಮಿ ಹೊರಗೆ ಬಂದು ಗಾಬರಿಯಾದಳು. "ಅಪ್ಪಾ, ಗಟ್ಟಿ ಐತಲ್ಲ, ಯಾಕ ಅಗ್ಯಾಕತ್ತೀದಿ?"

ಲಕ್ಕಪ್ಪ ಗುದ್ದಲಿ ಕೆಳಗಿಟ್ಟ. "ಗಟ್ಟಿ ಐತಿ ಅಂತ ನಾನೂ ತಿಳ್ಕೊಂಡಿದ್ದೆ, ಮಗಳ. ನನಗ ಗೊತ್ತಿರಲಿಲ್ಲ. ಈಗ ಗೊತ್ತಾತು."

ಬೀಗರು ಧೋತರ ಎತ್ತಿ ಕಟ್ಟಿ ಇನ್ನೊಂದು ಗುದ್ದಲಿ ತಂದರು.

ಪ್ರತಿ ಕಂಬದ ಸುತ್ತ ಎರಡು ಫೂಟು ಅಗಲ, ಮೂರು ಫೂಟು ಆಳ ಅಗೆದರು. ಕಂಬದ ಬುಡಕ್ಕೆ ಅಡ್ಡ ಸರಳು ಬೆಸೆದು ಕಾಂಕ್ರೀಟು ತುಂಬಿದರು. ಕಂಬಗಳ ನಡುವೆ ಕತ್ತರಿಯಾಕಾರದಲ್ಲಿ ಪಟ್ಟಿ ಹಾಕಿದರು. ಗಾಳಿ ಪತ್ರಾವನ್ನು ಅಂಚಿನಲ್ಲೇ ಹೆಚ್ಚು ಸೆಳೆಯುವುದರಿಂದ ಅಲ್ಲಿ ಹುಕ್ಕಿನ ಬೋಲ್ಟುಗಳನ್ನು ಒತ್ತೊತ್ತಾಗಿ ಬಿಗಿದರು. ಮೇಲಿದ್ದ ಕಲ್ಲುಗಳನ್ನೆಲ್ಲ ಇಳಿಸಿದರು. ತುಕ್ಕಾನಟ್ಟಿಯ ರೊಟ್ಟಿ ಶೆಡ್ಡಿನ ಗುಂಡಿಗಳೂ ಆ ವಾರವೇ ಆಳವಾದವು.

ಮೇ ತಿಂಗಳ ಒಂದು ಮಧ್ಯಾಹ್ನ ಬಿರುಗಾಳಿ ಸಮೇತ ಅಡ್ಡಮಳೆ ಬಂತು. ಹತ್ತರಗಿಯಲ್ಲಿ ಎರಡು ಮನೆಗಳ ಪತ್ರಾ ಹಾರಿ ಹೈವೇ ಬದಿಗೆ ಬಿದ್ದವೆಂದು ಸುದ್ದಿ ಬಂತು. ಲಕ್ಕಪ್ಪ ಮಗಳಿಗೆ ಫೋನು ಹಚ್ಚಿದ, ಹತ್ತಲಿಲ್ಲ. ಮತ್ತೆ ಹಚ್ಚಿದ. ಅಂಗಡಿಯ ಬಾಗಿಲಿಗೆ ಬಂದು ಇನ್ನೊಮ್ಮೆ ಹಚ್ಚಿದ. ಮುಕ್ಕಾಲು ತಾಸಿನ ಮೇಲೆ ಅವಳೇ ಫೋನು ಮಾಡಿದಳು.

"ಅಪ್ಪಾ, ಹುಡುಗ್ಯಾರೆಲ್ಲ ಶೆಡ್ಡಿನ ಕೆಳಗ ಅದಾರ. ಬಾಜೂ ಮನಿಯವರೂ ಇಲ್ಲೇ ಬಂದು ನಿಂತಾರ. ಚಹಾ ಇಟ್ಟೇನಿ."

ಲಕ್ಕಪ್ಪ ಅಂಗಡಿಯ ಬಾಗಿಲಲ್ಲಿ ಹಾಗೇ ಕೂತುಬಿಟ್ಟ. ಆಮೇಲೆ ದಾಕ್ಷಾಯಿಣಿಗೆ ಫೋನು ಮಾಡಿ, "ಬಾಯಾರ, ಆ ಹುಡುಗಿ ಭಕ್ತಿಗೆ ಹೇಳ್ರಿ. ಅಕಿ ಉತ್ತರ ಬರೋಬ್ಬರಿ ಐತಿ," ಎಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮುಂದೆಯೂ ಒಂದು ಪತ್ರಾ ಶೆಡ್ಡು ಇರಬಹುದು, ಇಲ್ಲವೇ ಈ ವರ್ಷ ಕಟ್ಟಿಸುವವರಿರಬಹುದು. ಗಾಳಿ ಏಳುವ ಮೊದಲೇ ಹೋಗಿ ಕಂಬದ ಬುಡ ನೋಡಿ. ಎಷ್ಟು ಆಳ ಹುಗಿದಿದ್ದಾರೆ ಎಂದು ಕಟ್ಟಿದವರನ್ನು ಕೇಳಿ, ಕೇಳಲು ನಾಚಬೇಡಿ. ಪತ್ರಾದ ಮೇಲಿನ ಕಲ್ಲು ಇಳಿಸಿಬಿಡಿ, ಅದು ಗಾಳಿಯನ್ನು ತಡೆಯುವುದಿಲ್ಲ, ಕೆಳಗಿದ್ದವರ ಮೇಲೆ ಬೀಳುತ್ತದೆ. ಇಲ್ಲಿ ಹೇಳಿದ ಅಳತೆ ಆ ಶೆಡ್ಡುಗಳದ್ದು. ನಿಮ್ಮದರ ಲೆಕ್ಕ ಬೇರೆ. ಅದನ್ನು ಬಲ್ಲ ಇಂಜಿನಿಯರನ್ನು ಕರೆದು ತೋರಿಸಿ. ಹತ್ತಿರದ ಕಾಲೇಜಿಗೆ ಹೋಗಿ ವಿಚಾರಿಸಿದರೂ ಆದೀತು. ನಿಮ್ಮ ವೆಲ್ಡಿಂಗಿನವನೂ ಇಂಜಿನಿಯರೂ ಒಂದೇ ಗುಂಡಿಯ ಪಕ್ಕ ನಿಂತು ಮಾತಾಡುವಂತೆ ಮಾಡಿ. ಆ ನೆರಳಿನಲ್ಲಿ ಕೂರುವವರು ನಿಮ್ಮವರೇ.