ಚಲುವಯ್ಯನವರ ಕಡೇ ಸ್ಟಾಪು

ನೆಲವೆಂಬುದು ನಿಂತಲ್ಲೇ ನಿಂತಿರುತ್ತದೆ ಎನ್ನುವ ನಂಬಿಕೆ ಚಲುವಯ್ಯನವರಿಗೆ ಇನ್ನೂ ಬಂದಿಲ್ಲ. ಪಾದಗಳೆರಡನ್ನೂ ಅಗಲಿಸಿ ಊರಿ, ಎಡಭುಜವನ್ನು ಕಂಬಕ್ಕೋ ಗೋಡೆಗೋ ಬಾಗಿಲ ಚೌಕಟ್ಟಿಗೋ ಆನಿಸಿ, ಮುಂದಿನ ತಿರುವಿನಲ್ಲಿ ಇಡೀ ಕಟ್ಟಡವೇ ವಾಲಿಬಿಟ್ಟೀತು ಎಂಬ ಎಚ್ಚರದಲ್ಲಿ ಅವರು ನಿಲ್ಲುವುದನ್ನು ಕಂಡರೆ ಹೊಸಬರಿಗೆ ನಗು ಬರುತ್ತದೆ; ನನಗೂ ಬಂದಿತ್ತು. ಕನಕಪುರ, ಹಾರೋಹಳ್ಳಿ, ಮರಳವಾಡಿಗಳ ನಡುವಿನ ಹಳ್ಳಕೊಳ್ಳದ ರಸ್ತೆಗಳಲ್ಲಿ ಬಸ್ ಕಂಡಕ್ಟರಾಗಿ ಒಂದು ಆಯುಷ್ಯವನ್ನು ನಿಂತುಕೊಂಡೇ ಕಳೆದವರು ಅವರು. ನಿವೃತ್ತರಾದ ಮೇಲೆ ಮರಳವಾಡಿಯಿಂದ ಕೊಂಚ ಆಚೆ, ರಸ್ತೆಯ ಪಕ್ಕದಲ್ಲೇ ಇರುವ ಮಡಕೆಗಳ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದಾರೆ. ಬೀಗ ತೆಗೆಯುವವರು, ಕಸ ಹೊಡೆಯುವವರು, ಬಂದವರಿಗೆ ವಿವರಿಸುವವರು ಎಲ್ಲ ಅವರೇ.

ಹಾಲಿನ ಡೈರಿಗಳಲ್ಲಿ ಫ್ಯಾಟ್ ಅಳೆಯುವ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಮರಳವಾಡಿ ಕಡೆಯ ಡೈರಿಯ ಯಂತ್ರ ಅಡಿಗಡಿಗೆ ಮುನಿಸಿಕೊಳ್ಳುವ ಜಾತಿಯದು. ಬೆಳಿಗ್ಗೆ ಅದನ್ನು ಸಮಾಧಾನಪಡಿಸಿ, ಮಧ್ಯಾಹ್ನ ಕನಕಪುರದ ಇನ್ನೊಂದರ ಬಳಿಗೆ ಹೋಗಲು ಬಸ್ಸು ಬರುವತನಕ ಎರಡು ಗಂಟೆ ಬಿಡುವು. ಮೊದಲ ಸಲ ಆ ಮ್ಯೂಸಿಯಂಗೆ ಹೊಕ್ಕದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಬಿಸಿಲಿನ ಮೇಲಿನ ಭಯದಿಂದ. ಆಮೇಲೆ ಹೋಗುತ್ತಾ ಬಂದದ್ದು ಮಾತ್ರ ಚಲುವಯ್ಯನವರಿಗಾಗಿ.

ಅವರ ವಿವರಣೆಯಲ್ಲಿ ಕೋಣೆಗಳಿಲ್ಲ, ಸ್ಟಾಪುಗಳಿವೆ. "ಮೊದಲ್ನೇ ಸ್ಟಾಪು ಅಡಿಗೆಮನೆ! ಒಳಕ್ ಬನ್ನಿ, ಒಳಕ್ ಬನ್ನಿ, ಬಾಗ್ಲಲ್ಲಿ ನಿಲ್ಬೇಡಿ!" ಎಂದು, ಬಂದಿರುವವನು ನಾನೊಬ್ಬನೇ ಆದರೂ ಕೂಗುತ್ತಾರೆ. ಮುದ್ದೆಯ ಮಡಕೆ, ಸಾರಿನ ಮಡಕೆ, ಮೊಸರಿನ ಕುಡಿಕೆ, ರಾಗಿ ತುಂಬುತ್ತಿದ್ದ ಆಳೆತ್ತರದ ವಾಡೆ, ಇವುಗಳ ಬಗ್ಗೆ ಅವರು ಹೇಳುವುದರಲ್ಲಿ ಅರ್ಧ ತಪ್ಪು. ಒಂದೇ ಹೂಜಿ ಒಂದು ತಿಂಗಳು ಟಿಪ್ಪುವಿನ ಕಾಲದ್ದಾದರೆ ಮುಂದಿನ ತಿಂಗಳು ಕೆಂಪೇಗೌಡರ ಕಾಲಕ್ಕೆ ಹಿಂದೆ ಸರಿಯುತ್ತದೆ. ಕೇಳಿದರೆ, "ಒಸಿ ಹಿಂದೆ ಮುಂದೆ ಆಯ್ತದೆ ಸಾ, ಬಸ್ಸೇ ಟೈಮಿಗೆ ಬರಾಕಿಲ್ಲ" ಎನ್ನುತ್ತಾರೆ. ಮಕ್ಕಳು ಮಡಕೆ ಮುಟ್ಟಿದರೆ ಕೊರಳಲ್ಲಿ ನೇತಾಡುವ ಸೀಟಿ ಊದುತ್ತಾರೆ. ನಿಯಮವೆಂದರೆ ನಿಯಮ. ಹಿಂದೆ ತಮ್ಮ ಸ್ವಂತ ಹೆಂಡತಿ ಬಸ್ಸು ಹತ್ತಿದಾಗಲೂ ಟಿಕೆಟ್ ಹರಿದು ಕೊಟ್ಟು, ಆ ರಾತ್ರಿ ಮನೆಯಲ್ಲಿ ಊಟಕ್ಕೆ ಗತಿಯಿಲ್ಲದೆ ಹೋಟೆಲಿನಲ್ಲಿ ಉಂಡ ಮಹಾನುಭಾವರು ಅವರು. ಆ ಕತೆಯನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಾರೆಂದರೆ, ಉಪವಾಸವಿದ್ದರೂ ಅವರಿಗೆ ಬೇಸರವಾಗುತ್ತಿರಲಿಲ್ಲವೇನೋ.

ರಸ್ತೆಯಲ್ಲಿ ಹೋಗುವ ಪ್ರತಿ ಬಸ್ಸಿನ ಹಾರ್ನ್ ಕೇಳಿಯೇ ಡ್ರೈವರ್ ಯಾರೆಂದು ಹೇಳುವ ಅವರು ನನ್ನನ್ನು ಒಂದು ಸಲವೂ ಬಸ್ಸು ತಪ್ಪಿಸಿಕೊಳ್ಳಲು ಬಿಟ್ಟಿರಲಿಲ್ಲ. ಮಾತು ಎಷ್ಟೇ ರಸವತ್ತಾಗಿರಲಿ, ದೂರದಲ್ಲಿ ಹಾರ್ನ್ ಕೇಳಿದೊಡನೆ ನನ್ನ ಬ್ಯಾಗನ್ನು ತಾವೇ ಎತ್ತಿಕೊಂಡು ರಸ್ತೆಗೆ ಓಡುವರು, ಕೈ ಅಡ್ಡ ಹಾಕುವರು, ನನ್ನನ್ನು ಹತ್ತಿಸಿ ಬಸ್ಸಿನ ಮೈಗೆ ಎರಡು ಸಲ ಬಡಿದು "ರೈಟ್!" ಎನ್ನುವರು. ಒಳಗಿದ್ದ ನಿಜವಾದ ಕಂಡಕ್ಟರು ಅಷ್ಟು ಹೊತ್ತು ತನ್ನ ಅಧಿಕಾರವನ್ನು ಅವರಿಗೆ ಬಿಟ್ಟುಕೊಟ್ಟು ಸುಮ್ಮನೆ ನಗುತ್ತಿದ್ದ.

ಇಂಥ ಬಾಯಿಬಡುಕರು ಒಂದೇ ಒಂದು ಕಡೆ ಮೌನಿಯಾಗುತ್ತಿದ್ದರು. ಕೊನೆಯ ಕೋಣೆಯ ಹಲಗೆಯ ಮೇಲೆ ಐರಾಣಿಗಳ ಒಂದು ಜೊತೆಯಿದೆ. ಈ ಸೀಮೆಯ ಮದುವೆಗಳಲ್ಲಿ ಚಪ್ಪರದ ಕೆಳಗಿಟ್ಟು ಪೂಜಿಸುವ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದ ಮಡಕೆಗಳು ಅವು. ಅಲ್ಲಿಗೆ ಬಂದರೆ ಚಲುವಯ್ಯನವರು "ಕಡೇ ಸ್ಟಾಪು, ಎಲ್ರೂ ಇಳ್ಕೊಳಿ" ಎಂದಷ್ಟೇ ಹೇಳಿ ಹೊರನಡೆಯುತ್ತಿದ್ದರು. "ನೀವೂ ಕುಂಬಾರರಾ?" ಎಂದು ಯಾರಾದರೂ ಕೇಳಿದರೆ, "ನಾನು ಕಂಡಕ್ಟ್ರು" ಎನ್ನುವರು. ಆ ಉತ್ತರದಲ್ಲಿ ಬಾಗಿಲು ಮುಚ್ಚಿದ ಸದ್ದಿರುತ್ತಿತ್ತು.

ಮಳೆ ಹಿಡಿದಿದ್ದ ಒಂದು ದಿನ, ಯಾರೂ ಇಲ್ಲದಾಗ, ಅವರಾಗಿಯೇ ಹೇಳಿದರು. ಆ ಐರಾಣಿ ಅವರ ತಂದೆ ಕುಂಬಾರ ಕರಿಶೆಟ್ಟಿ ಮಾಡಿದ ಕೊನೆಯ ಜೊತೆ. ಸುತ್ತಲ ಹಳ್ಳಿಗಳ ಮದುವೆಗೆಲ್ಲ ಅಡಿಗೆಯ ಮಡಕೆಗಳನ್ನು ಒದಗಿಸುತ್ತಿದ್ದವನು ಕರಿಶೆಟ್ಟಿ. ಮದುವೆ ಮುಗಿದ ಮೇಲೆ ಅಕ್ಕಿ, ಬೇಳೆ, ಬೆಲ್ಲದ ಪಡಿ ಇಸಿದುಕೊಳ್ಳಲು ಮಗನನ್ನು ಕರೆದುಕೊಂಡು ಆ ಮನೆಗಳಿಗೆ ಹೋಗುತ್ತಿದ್ದ. ನಿಲ್ಲಬೇಕಾದದ್ದು ಹಿತ್ತಲ ಬಾಗಿಲಲ್ಲಿ. ಚೀಲದ ಬಾಯಿ ಅಗಲಿಸಿ ಹಿಡಿದು ನಿಲ್ಲುವುದು ಮಗನ ಕೆಲಸ. ಒಂದು ಮನೆಯಲ್ಲಿ ಪಡಿ ಸುರಿಯಲು ಬಂದವನು ಚಲುವಯ್ಯನವರ ತರಗತಿಯ ಹುಡುಗ.

"ಇಸ್ಕೂಲಲ್ಲಿ ನನ್ ಪಕ್ಕ ಕೂರೋನು ಸಾ. ಮೇಲಿಂದ ಸುರಿದ. ನನ್ ಮಖ ನೋಡ್ಲಿಲ್ಲ, ಚೀಲ ನೋಡ್ದ. ಅವತ್ತೇ ಅನ್ಕೊಂಡೆ, ಈ ಕೈ ಇನ್ನು ಪಡಿಗೆ ಒಡ್ಡಾಕಿಲ್ಲ ಅಂತ." ತಮ್ಮ ಎಡಗೈಯನ್ನು ನೋಡಿಕೊಂಡರು. ಚಿಲ್ಲರೆ ಹಿಡಿದು ಹಿಡಿದು ಆ ಅಂಗೈ ಶಾಶ್ವತವಾಗಿ ಬೊಗಸೆಯಂತೆ ಬಾಗಿಬಿಟ್ಟಿದೆ. "ಆಮೇಲೂ ಜನದ ಮುಂದೆ ಕೈ ಒಡ್ಕೊಂಡೇ ಬಾಳಿದ್ದು, ನೋಡಿ. ಆದ್ರೆ ಟಿಕೆಟ್ ಕೊಟ್ಟು ಇಸ್ಕೊಂಡೆ" ಎಂದು ನಕ್ಕರು. ಆ ನಗುವನ್ನು ನೋಡಲು ನನ್ನಿಂದಾಗಲಿಲ್ಲ.

ಕಳೆದ ವೈಶಾಖದಲ್ಲಿ ನಾನು ಅಲ್ಲಿದ್ದಾಗಲೇ ಒಂದು ಟೆಂಪೋ ಬಂದು ನಿಂತಿತು. ಹಣ್ಣುಹಣ್ಣು ಮುದುಕಿಯೊಬ್ಬರನ್ನು ಕೈ ಹಿಡಿದು ಇಳಿಸಿಕೊಂಡು ಮಗ ಲೋಕೇಶ್, ಸೊಸೆ ಸೌಮ್ಯ ಒಳಬಂದರು. ಹಿಂದೆ ನಾಲ್ಕಾರು ಹೆಂಗಸರು, ಒಬ್ಬರ ಕೈಯಲ್ಲಿ ಮೊರ, ಇನ್ನೊಬ್ಬರ ಕೈಯಲ್ಲಿ ಆರತಿ ತಟ್ಟೆ. ಮುದುಕಿಯ ಹೆಸರು ವೆಂಕಟಲಕ್ಷ್ಮಮ್ಮ. ಮಾರನೆಯ ದಿನ ಮೊಮ್ಮಗಳ ಮದುವೆ. ಲೋಕೇಶ್ ಬೆಂಗಳೂರಿನ ಅಂಗಡಿಯಿಂದ ಮಿರಿಮಿರಿ ಮಿಂಚುವ ಮಡಕೆಗಳನ್ನು ಐರಾಣಿಗೆಂದು ತಂದಿದ್ದನಂತೆ. ಅಜ್ಜಿ ಅವನ್ನು ನೋಡಿದ್ದೇ ಊಟ ಬಿಟ್ಟು ಕುಳಿತಿದ್ದಾರೆ.

"ಅಂಗ್ಡೀಲಿ ಕೊಳ್ಳೋದು ಐರಾಣಿ ಅಲ್ಲ ಕಣಪ್ಪ. ಕುಂಬಾರ್ರ ಮನೆ ಬಾಗ್ಲಿಗೆ ಹೋಗಿ ಕರ್ಕೊಂಡು ಬರ್ಬೇಕು. ನನ್ ಮದ್ವೆಗೆ, ನನ್ ಮಕ್ಕಳ ಮದ್ವೆಗೆ ಕೊಟ್ಟೋನು ಕರಿಶೆಟ್ಟಿ. ಅವನು ಮಾಡಿದ್ ಜೊತೆ ಇಲ್ಲೈತಂತಲ್ಲ, ಕೊಡಪ್ಪ. ನೀನು ಅವನ ಮಗ ಅಲ್ವಾ?"

"ನಾನು ಕಂಡಕ್ಟ್ರು ಕಣವ್ವಾ."

"ಕಂಡಕ್ಟ್ರೇ ಆಗಪ್ಪ. ಯಾರ ಮಗ ಅಂತ ಕೇಳ್ದೆ."

ಚಲುವಯ್ಯನವರು ಮ್ಯೂಸಿಯಂ ನಡೆಸುವ ಮಹೇಂದ್ರ ಅವರಿಗೆ ಫೋನ್ ಮಾಡಿದರು. ಒಂದು ಮಡಕೆಯೂ ಹೊರಹೋಗಕೂಡದೆಂಬ ನಿಯಮವಿದೆಯಲ್ಲ, ಇಲ್ಲವೆನ್ನುತ್ತಾರೆಂಬ ಆಸೆ ಅವರ ಮುಖದಲ್ಲಿ ಕಾಣುತ್ತಿತ್ತು. ಆದರೆ ಆ ಪುಣ್ಯಾತ್ಮ, ನೀವೇ ಜೊತೆಯಲ್ಲಿ ಹೋಗಿ ಮದುವೆ ಮುಗಿದ ಮೇಲೆ ವಾಪಸ್ ತರುವುದಾದರೆ ಕೊಡಿ, ಎಂದುಬಿಟ್ಟರು. ಚಲುವಯ್ಯನವರು ಬೆವರು ಒರೆಸಿಕೊಂಡು ಬಂದರು.

"ಮಡಕೆ ತಗೊಂಡ್ ನಡೀರವ್ವ. ನಾನೂ ಬತ್ತೀನಿ. ಪಡಿ ಗಿಡಿ ಏನೂ ಬ್ಯಾಡ."

"ಪಡಿ ಇಸ್ಕೊಳ್ದೆ ಕೊಟ್ರೆ ಅದು ಬರೀ ಮಣ್ಣು ಕಣಪ್ಪ. ನಾನು ಮುಟ್ಟಾಕಿಲ್ಲ."

ಸೌಮ್ಯ ಗಡಿಯಾರ ನೋಡಿಕೊಂಡಳು. ಲೋಕೇಶ್ "ಬುಡವ್ವ, ಒಂದು ಶಾಸ್ತ್ರಕ್ಕೆ..." ಎಂದು ಶುರುಮಾಡಿದ. ಆಗ ಚಲುವಯ್ಯನವರ ಬಾಯಿಂದ, ಅಷ್ಟು ಜನರೆದುರು, ಆ ಮಾತು ಬಂದುಬಿಟ್ಟಿತು.

"ಹಿತ್ಲ ಬಾಗ್ಲಲ್ಲಿ ಚೀಲ ಹಿಡ್ಕಂಡು ನಿಂತಿವ್ನಿ ಕಣವ್ವಾ. ಇನ್ನೊಂದ್ ಸಲ ನನ್ ಕೈಲಾಗಕಿಲ್ಲ."

ಮುದುಕಿ ಸೊಸೆಯ ಕೈ ಬಿಡಿಸಿಕೊಂಡು, ತಾವೇ ಎರಡು ಹೆಜ್ಜೆ ಮುಂದೆ ಬಂದರು.

"ನಿಲ್ಲಿಸಿದ್ದು ನಿಜ ಕಣ್ ಮಗ. ನಮ್ಮನೇಲೂ ನಿಲ್ಲಿಸ್ತಿದ್ರು. ತಪ್ಪು ನಮ್ದು. ಆದ್ರೆ ಐರಾಣಿಗೆ ವಾಲಗ ಊದಿಸ್ಕಂಡು, ಆರತಿ ಹಿಡ್ಕಂಡು, ನಿಮ್ಮನೆ ಮುಂದಿನ ಬಾಗ್ಲಿಗೆ ಬತ್ತಿದ್ವಲ್ಲ, ಅದ್ಯಾಕಪ್ಪ ಮರ್ತ್ಬುಟ್ಟೆ? ಇವತ್ತೂ ನಿನ್ನ ನಾನು ಕರೆಸ್ಲಿಲ್ಲ. ನಾನೇ ನಿನ್ ಬಾಗ್ಲಿಗೆ ಬಂದಿವ್ನಿ."

ದೂರದಲ್ಲಿ ಹಾರ್ನ್ ಕೇಳಿಸಿತು. ನನ್ನ ಬಸ್ಸು. ಚಲುವಯ್ಯನವರು ತಲೆ ಎತ್ತಲಿಲ್ಲ. ಬಸ್ಸು ಮ್ಯೂಸಿಯಂ ಮುಂದೆ ನಿಧಾನಿಸಿ, ಇನ್ನೊಮ್ಮೆ ಹಾರ್ನ್ ಹೊಡೆದು, ಯಾರೂ ಓಡಿಬರದ್ದರಿಂದ ಹೊರಟುಹೋಯಿತು. ನಾನು ಅಲ್ಲಾಡಲಿಲ್ಲ, ಅಲ್ಲಾಡಬೇಕೆಂದು ಅನ್ನಿಸಲೂ ಇಲ್ಲ.

ಅವರು ಒಳಗೆ ಹೋದರು. ಕೈಕಾಲು ತೊಳೆದ ನೀರಿನ ಸದ್ದು ಕೇಳಿಸಿತು. ಐರಾಣಿಗಳನ್ನು ಒಂದೊಂದಾಗಿ ತಂದು ಹೊಸ್ತಿಲ ಒಳಗಿಟ್ಟರು. ಕೊರಳಲ್ಲಿ ಸೀಟಿ ಇರಲಿಲ್ಲ. ಮೊದಲ ಸಲ ಅವರು ಯಾವುದಕ್ಕೂ ಆನಿಕೊಳ್ಳದೆ, ಪಾದಗಳನ್ನು ಜೋಡಿಸಿ, ನೆಟ್ಟಗೆ ನಿಂತದ್ದನ್ನು ನೋಡಿದೆ. ಹೆಂಗಸರು ಮಡಕೆಗಳಿಗೆ ಆರತಿ ಎತ್ತಿದರು. ವೆಂಕಟಲಕ್ಷ್ಮಮ್ಮ ಮೊರವನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದರು. ಚಲುವಯ್ಯನವರು ಎರಡೂ ಕೈ ಚಾಚಿದರು. ಅಕ್ಕಿ, ಬೇಳೆ, ಬೆಲ್ಲದಚ್ಚು, ಕಾಯಿ, ವೀಳ್ಯದೆಲೆ. ಮುದುಕಿ ಮೊರವನ್ನು ನೋಡುತ್ತಿರಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದರು.

"ನಿಮ್ಮಪ್ಪ ಒಂದು ಮಾತು ಅಂತಿದ್ದ. ಅದನ್ನೂ ಅನ್ನಪ್ಪ."

ಬಸ್ಸಿನ ತುದಿಯಿಂದ ತುದಿಗೆ ಕೇಳುತ್ತಿದ್ದ ಆ ಗಂಟಲಿನಿಂದ, ಪಕ್ಕದಲ್ಲಿದ್ದವನಿಗೂ ಕಷ್ಟದಿಂದ ಕೇಳುವಷ್ಟು ಮೆಲ್ಲಗೆ, "ಮಗಳು ತುಂಬ್ಕಂಡಿರ್ಲವ್ವಾ" ಎಂಬ ಹಾರೈಕೆ ಬಂತು. ಆಮೇಲೆ ಅವರು ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು.

ಟೆಂಪೋ ಹೊರಡುವ ಹೊತ್ತಿಗೆ ಅವರಿಗೆ ನನ್ನ ನೆನಪಾಯಿತು. "ಅಯ್ಯಯ್ಯೋ ಸಾ, ನಿಮ್ ಬಸ್ಸು!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡವರು, ನನ್ನನ್ನು ಅದೇ ಟೆಂಪೋದಲ್ಲಿ ಕೂರಿಸಿಕೊಂಡು ಕನಕಪುರಕ್ಕೆ ಬಿಡಿಸಿದರು. ದಾರಿಯುದ್ದಕ್ಕೂ ಚಲುವಯ್ಯನವರು ಕಿಟಕಿಯ ಪಕ್ಕ, ತೊಡೆಯ ಮೇಲೆ ಐರಾಣಿಗಳನ್ನಿಟ್ಟುಕೊಂಡು ಕೂತಿದ್ದರು. ಆಯುಷ್ಯವನ್ನೆಲ್ಲ ಚಲಿಸುವ ಗಾಡಿಯಲ್ಲಿ ನಿಂತೇ ಕಳೆದವರು ಅವರು.

ಈಗಲೂ ಹೋಗುತ್ತಿರುತ್ತೇನೆ. ಸ್ಟಾಪುಗಳು ಹಾಗೇ ಇವೆ, ಹೂಜಿಯ ಕಾಲ ಈಗಲೂ ಹಿಂದೆ ಮುಂದೆ ಆಗುತ್ತಿದೆ, ಗೋಡೆಗೆ ಆನಿಕೊಳ್ಳುವ ಚಾಳಿಯೂ ಮರಳಿ ಬಂದಿದೆ. ನೀವೂ ಕುಂಬಾರರಾ ಎಂದು ಕೇಳಿದವರಿಗೆ ಮಾತ್ರ, "ಕಂಡಕ್ಟ್ರು. ಕುಂಬಾರ ಕರಿಶೆಟ್ಟಿ ಮಗ" ಎನ್ನುತ್ತಾರೆ.

ಹೆತ್ತವರ ಕಸುಬನ್ನು ಬಿಟ್ಟು ಬಂದವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಬಿಟ್ಟದ್ದು ತಪ್ಪಲ್ಲ, ಹಿತ್ತಲ ಬಾಗಿಲಲ್ಲಿ ನಿಂತವರಿಗಷ್ಟೇ ಅದರ ಉರಿ ಗೊತ್ತು. ಆದರೆ ಹೊರಟುಬರುವ ಅವಸರದಲ್ಲಿ ಅವರು ಅವಮಾನವೊಂದನ್ನೇ ಗಂಟು ಕಟ್ಟಿಕೊಂಡು ಬಂದಿರುತ್ತಾರೆ; ಅದೇ ಕಸುಬಿಗೆ ಸಂದ ಮರ್ಯಾದೆ ಬೇರೆ ಯಾರದೋ ನೆನಪಿನಲ್ಲಿ ಉಳಿದುಹೋಗಿರುತ್ತದೆ. ಅದನ್ನು ಹೊತ್ತುಕೊಂಡು ಬಂದು ಅವರ ಬಾಗಿಲಲ್ಲಿ ನಿಲ್ಲಬೇಕಾದವರು ನಾವು. ಊಟ ಬಿಟ್ಟು ಹಟ ಹಿಡಿದ ಒಬ್ಬ ಮುದುಕಿಗೆ ಅದು ಗೊತ್ತಿತ್ತು.